ನನ್ನ ತಲೆ, ಬಾವನ ಹೆಡ್‌ಲ್ಯಾಂಪ್

ವಸ್ತು ಹಾಳು ಮಾಡುವವರನ್ನು ನೀವು ನೋಡಿರಬಹುದು. ನನ್ನದು ಬೇರೆ ಕೇಸ್. ಹಾಳಾಗದ ವಸ್ತು ನನ್ನ ಕೈಗೆ ಸಿಕ್ಕಿದರೆ ಸುತ್ತಲಿನವರು ಹಾಳಾಗ್ತಾರೆ.

ಅಕ್ಕನ ಗಂಡ, ನನ್ನ ಬಾವ, ಈ ಸಲ ದುಬೈಯಿಂದ ಒಂದು ಹೆಡ್‌ಲ್ಯಾಂಪ್ ತಂದರು. ಹಣೆಗೆ ಪಟ್ಟಿ ಕಟ್ಟಿ ಉರಿಸುವ ಲೈಟು. ಮಳೆ ಬರಲಿ, ಕೆಸರಿಗೆ ಬೀಳಲಿ, ಅದಕ್ಕೆ ಎಂತದೂ ಆಗುವುದಿಲ್ಲವಂತೆ. ರಜೆ ಮುಗಿಯುವುದರೊಳಗೆ ಗುಡ್ಡೆಯಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಮಲಗಬೇಕು ಅಂತ ಅವರಿಗೆ ಆಸೆ. ಅಲ್ಲಿ ಎಸಿ ರೂಮಲ್ಲಿ ಮಲಗಿ ಮಲಗಿ ಸಾಕಾಗಿತ್ತು ಪಾಪ. “ನೀನೂ ಬಾ, ಆದರೆ ಕಿತಾಪತಿ ಬೇಡ” ಎಂದಿದ್ದರು.

ಬಾವಿ

ನೀರಿಗೆ ಎಂತ ಆಗುವುದಿಲ್ಲ ಅಂದ ಮೇಲೆ ನೋಡಬೇಕಲ್ಲ? ಸಂಜೆ ಲೈಟ್ ಉರಿಸಿ, ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಸಿದೆ. ಗಂಟು ಬಿಚ್ಚಿತು. ಲೈಟು ಉರಿಯುತ್ತಲೇ ತಳ ಸೇರಿತು. ಬಿದ್ದ ಕೊಡಪಾನ ಎತ್ತುವ ಪಾತಾಳಗರಡಿ ತರಲಿಕ್ಕೆ ಪಕ್ಕದ ಮನೆಗೆ ಓಡಿದೆ.

ವಾಪಸ್ ಬಂದರೆ ಅಜ್ಜಿ ಬಾವಿಕಟ್ಟೆಯಲ್ಲಿ ಎರಡು ದಾಸವಾಳ ಇಟ್ಟು ಕೈಮುಗಿದು ನಿಂತಿದ್ದಾರೆ. “ಸ್ವಾಮಿ, ನೀವು ಯಾರೂಂತ ಗೊತ್ತಿಲ್ಲ. ಬಂದದ್ದು ಬಂದಾಯ್ತು, ನನ್ನ ಪುಳ್ಳಿಗೆ, ಈ ಮೊಮ್ಮಗನಿಗೆ, ಸ್ವಲ್ಪ ಬುದ್ಧಿ ಕೊಡಿ.”

ಕೇಳಿದ್ದೇ ತಡ, ಚಾರ್ಜ್ ಮುಗಿದು ಬಾವಿ ಕತ್ತಲೆ.

ಅಜ್ಜಿ ನನ್ನ ಕಡೆ ತಿರುಗಿದರು. “ಅವರಿಂದಲೂ ಆಗುವುದಿಲ್ಲವಂತೆ ಮಗಾ.”

ಕಾಣೆ ಫ್ರೈ

ಲೈಟ್ ಮೇಲೆ ಬಂತು, ಚಾರ್ಜ್ ಆಯ್ತು, ಚಂದವಾಗಿ ಉರಿಯಿತು. ಭಾನುವಾರ ರಾತ್ರಿ ಬಾವನ ಅಮ್ಮ ಊಟಕ್ಕೆ ಬಂದಾಗ ಕರೆಂಟ್ ಹೋಯಿತು. ಹೆಡ್‌ಲ್ಯಾಂಪ್ ಕಟ್ಟಿಕೊಂಡು ಬೆಳಕು ಕೊಡುವ ಕೆಲಸ ನನಗೆ ಸಿಕ್ಕಿತು. ಇದರ ದೊಡ್ಡ ತೊಂದರೆ ಆಗಲೇ ಗೊತ್ತಾದದ್ದು. ನಾವು ಎಲ್ಲಿ ನೋಡ್ತೇವೋ ಅದು ಊರಿಗೆಲ್ಲ ಕಾಣ್ತದೆ.

“ಎಂತ ನೀನು, ನನ್ನ ಬಟ್ಟಲನ್ನೇ ನೋಡುವುದು?” ಎಂದರು ಬಾವನ ಅಮ್ಮ.

“ಇಲ್ಲ ಅತ್ತೆ, ನಾನು ಗೋಡೆ ನೋಡ್ತಾ ಇದ್ದೇನೆ.”

ಗೋಡೆ ಪೂರ್ತಿ ಕತ್ತಲೆ. ಅವರ ಕಾಣೆ ಮೀನಿನ ಫ್ರೈ ಮಾತ್ರ ಸ್ಟೇಜಿನಲ್ಲಿಟ್ಟ ಹಾಗೆ ಹೊಳೆಯುತ್ತಿತ್ತು. ಅವರು ಮೀನು ಎತ್ತಿ ನನ್ನ ಬಟ್ಟಲಿಗೆ ಹಾಕಿದರು. “ತಿನ್ನು. ದೃಷ್ಟಿ ಬಿದ್ದದ್ದು ನನಗೆ ಬೇಡ.”

ಅತ್ತೆ ಎದುರು ಮಾನ ಹೋಯಿತೆಂದು ಅಕ್ಕ ನನ್ನ ತೊಡೆ ಚಿವುಟಿದಳು. ನನಗೂ ಬಹಳ ಬೇಜಾರಾಯಿತು. ಬೇಜಾರಲ್ಲೇ ತಿಂದೆ.

ಗುಡ್ಡೆ

ಫ್ಲೈಟಿಗೆ ಎರಡೇ ದಿನ ಇರುವಾಗ ಅಂತೂ ಹೊರಟೆವು, ಬಾವ ಮತ್ತು ನಾನು. ವಾಮಂಜೂರಿನ ಆಚೆ ಒಂದು ಗುಡ್ಡೆ. ಅಕ್ಕ ಕೋರಿ ರೊಟ್ಟಿ ಕಟ್ಟಿಕೊಟ್ಟಿದ್ದಳು: ಗರಿಗರಿ ಅಕ್ಕಿ ರೊಟ್ಟಿ, ಡಬ್ಬಿಯಲ್ಲಿ ಕೋಳಿ ಸಾರು. ಮುಸ್ಸಂಜೆ, ಜಿರಿಜಿರಿ ಮಳೆ. ಬಾವ ಗೂಟ ಹೊಡೆದು ಟೆಂಟಿನ ಹಗ್ಗ ಕಟ್ಟುವಾಗ ನಾನು ಹಣೆಯ ಲೈಟನ್ನು ಅವರ ಕೈಗೆ ಹಿಡಿಯಬೇಕು, ಅಷ್ಟೇ. ಕಪ್ಪೆ ಕೂಗಿತು, ತಿರುಗಿದೆ. ಬಾವ ಕಲ್ಲಿನಿಂದ ಗೂಟದ ಬದಲು ಹೆಬ್ಬೆರಳಿಗೆ ಹೊಡೆದುಕೊಂಡರು.

“ಇನ್ನು ಆಕಾಶ ಬಿದ್ದರೂ ತಲೆ ತಿರುಗಿಸ್ಬೇಡ ಮಾರಾಯ!”

ಜೀವನದಲ್ಲಿ ಮೊದಲ ಸಲ ಹೇಳಿದ ಹಾಗೆ ಕೇಳಿದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕರುಂ ಕುರುಂ ಶಬ್ದ.

“ಬಾವ, ಎಂತದೋ ಶಬ್ದ ಉಂಟು.”

“ತಿರುಗ್ಬೇಡ ಅಂದೆನಲ್ಲ!”

ಕೊನೆಗೆ ಟೆಂಟ್ ನೆಟ್ಟಗೆ ನಿಂತಿತು. “ಹಾಂ, ಈಗ ತಿರುಗು” ಎಂದರು. ತಿರುಗಿದೆ. ಆರು ಕಣ್ಣು ಹೊಳೆದವು. ಮೂರು ನಾಯಿ. ರೊಟ್ಟಿ ಮುಗಿದಿತ್ತು, ಒಂದರ ಮೂತಿ ಇನ್ನೂ ಸಾರಿನ ಡಬ್ಬಿಯೊಳಗೆ.

ಬಾವ ಹಸಿವು ತಡೆಯುವ ಜನ ಅಲ್ಲ. ಟೆಂಟ್ ಬಿಚ್ಚಿ ವಾಪಸ್ ಹೊರಟೆವು. ಎಷ್ಟು ಚಂದ ನಿಂತಿತ್ತು, ಒಬ್ಬರೂ ಮಲಗಲಿಲ್ಲ. ಒಂದೇ ಒಂದು ಸಲ ಮಾತು ಮೀರಿ ಹಿಂದೆ ನೋಡಬಾರದಿತ್ತಾ ಅಂತ ದಾರಿಯಿಡೀ ನನ್ನನ್ನೇ ಬೈದುಕೊಂಡೆ. ಬಾವನಿಗೆ ಇನ್ನು ರಜೆ ಸಿಗುವುದು ಯಾವಾಗಲೋ.

ಅಕ್ಕ ಬಾಗಿಲು ತೆಗೆದವಳೇ ಕೇಳಿದಳು, “ಸಾರು ಹೇಗಿತ್ತು?”

ಬಾವ ಖಾಲಿ ಡಬ್ಬಿ ಕೊಟ್ಟರು. “ನೆಕ್ಕಿ ಖಾಲಿ ಮಾಡಿದ್ದಾರೆ. ಒಂದು ಹನಿ ಬಿಡಲಿಲ್ಲ.”

ಅಕ್ಕನ ಮುಖ ಅರಳಿತು. “ಮತ್ತೆ ಎಂತಕ್ಕೆ ಇಷ್ಟು ಬೇಗ ಬಂದದ್ದು?”

ಬಾವ ತಲೆ ತಗ್ಗಿಸಿದರು. “ಹಸಿವಾಗ್ತದೆ. ಅನ್ನ ಉಂಟಾ?”