ನಸ್ಯದ ಸಮೀಕರಣ

ಚಟವುಳ್ಳವರಲ್ಲಿ ನಾನಾ ಬಗೆ. ಬಿಡುವ ಯೋಚನೆಯೇ ಇಲ್ಲದವರು, ಬಿಟ್ಟೆನೆಂದು ಊರೆಲ್ಲ ಸಾರುವವರು, ಬಿಡುವುದು ಹೇಗೆಂದು ಯೋಚಿಸುತ್ತ ಇನ್ನೊಂದು ಚಿಟಿಕೆ ಮೂಗಿಗೇರಿಸುವವರು. ನಾನು ಕೊನೆಯ ಪಂಗಡ. ಕೊಡಿಯಾಲ್‌ಬೈಲಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವಾಗ ಮೂಗಿನಲ್ಲಿ ನಸ್ಯ ಇಲ್ಲದಿದ್ದರೆ ನನಗೆ ಬೇಡಿಕೆಯೂ ಒಂದೇ, ಪೂರೈಕೆಯೂ ಒಂದೇ. ಎಂಬತ್ತರ ದಶಕದ ಆರಂಭಕ್ಕೆ ನನ್ನ ಅಂಗಿಗಳೆಲ್ಲ ಎದೆಯ ಮೇಲೆ ಕಂದಾಗಿದ್ದವು. ತನ್ನ ತಮ್ಮನ ಮದುವೆ ಗೊತ್ತಾದ ದಿನ ಹೆಂಡತಿ ಸುಮತಿ ತೀರ್ಪು ಕೊಟ್ಟಳು: ಅಷ್ಟರೊಳಗೆ ನಸ್ಯ ಬಿಡದಿದ್ದರೆ ಅವಳು ಮದುವೆಗೆ ಒಬ್ಬಳೇ ಹೋಗುತ್ತಾಳೆ. ಮದುಮಗನ ಭಾವ ಇಲ್ಲದ ಮದುವೆ ಎಂದರೆ ನೆಂಟರ ಬಾಯಿಗೆ ಬೀಳುವುದು ಖಂಡಿತ. ನಾನು ನಿಜಕ್ಕೂ ಹೆದರಿದೆ.

ಹೆದರಿದಾಗ ಪುಸ್ತಕ ತೆರೆಯುವುದು ಮಾಷ್ಟ್ರುಗಳ ಸ್ವಭಾವ. ಪುಸ್ತಕದ ಪ್ರಕಾರ ಮೊದಲ ಹೋಳಿಗೆಯ ಸುಖ ಮುಂದಿನದರಲ್ಲಿಲ್ಲ. ತಿನ್ನುತ್ತ ಹೋದಂತೆ ಸಾಕೆನಿಸುತ್ತದೆ. ನನ್ನ ನಸ್ಯ ಈ ನಿಯಮವನ್ನು ಕೇಳಿಯೇ ಇರಲಿಲ್ಲ. ನಿನ್ನೆ ಏರಿಸಿದ್ದೇ ಇವತ್ತು ಇನ್ನಷ್ಟು ಕೇಳುತ್ತಿತ್ತು. ಹಾಗಾಗಿ ನಾನೇ ಒಂದು ಸಮೀಕರಣ ಹೂಡಿದೆ: ಹಿಂದಿನ ಚಿಟಿಕೆಗಳೆಲ್ಲ ಮೈಯಲ್ಲಿ ದಾಸ್ತಾನಾಗುತ್ತವೆ, ದಿನವೂ ಅದರಲ್ಲಿ ಸ್ವಲ್ಪ ಸವೆಯುತ್ತದೆ, ಉಳಿದದ್ದು ಇವತ್ತಿನ ಆಸೆಯನ್ನು ಎಬ್ಬಿಸುತ್ತದೆ. ವಾರಗಟ್ಟಲೆ ಗುದ್ದಾಡಿದ ಮೇಲೆ ಉತ್ತರ ಬಂತು. ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿದರೆ ದಾಸ್ತಾನು ಖಾಲಿಯಾಗುವುದಿಲ್ಲ, ಒಮ್ಮೆಗೇ ನಿಲ್ಲಿಸಬೇಕು. ಕುಣಿಯುತ್ತ ಅಡುಗೆಮನೆಗೆ ಹೋಗಿ ಹೇಳಿದೆ. ಕಾಯಿ ತುರಿಯುತ್ತಿದ್ದ ಸುಮತಿ ತಲೆ ಎತ್ತಲಿಲ್ಲ.

“ಇದನ್ನೇ ನಾನು ಮದುವೆ ಆದಲ್ಲಿಂದ ಹೇಳ್ತಾ ಇದ್ದೇನೆ. ನಿಮಗೆ ಎಕ್ಸು ವೈ ಹಾಕಿ ಹೇಳ್ಬೇಕಿತ್ತಾ?”

ಆದರೂ ಬಿಟ್ಟೆ. ಸತ್ಯವಾಗಿ ಬಿಟ್ಟೆ! ಫಳ್ನೀರಿನ ಮದುವೆ ಹಾಲಿಗೆ ಬಿಳಿ ಅಂಗಿ ತೊಟ್ಟು, ಹೆಂಡತಿಯ ಪಕ್ಕದಲ್ಲೇ ಎದೆಯುಬ್ಬಿಸಿ ಹೋದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಮದುಮಗಳ ಸೋದರಮಾವ, ಹೋಟೆಲ್ ಇಟ್ಟವರು. ನಸ್ಯ ಬಿಟ್ಟ ಸುದ್ದಿಯನ್ನು ನಾನೇ ತೆಗೆದಾಗ, ಪಾಪ, ಹೇಗೆ ಬಿಟ್ಟಿರಿ ಎಂದು ಮರ್ಯಾದೆಗೆ ಕೇಳಿದರು. ನಾನು ಬಾಳೆಲೆಯ ಮೇಲೆಯೇ ಶುರು ಮಾಡಿದೆ. ಅನ್ನದ ಗುಡ್ಡೆ ದಾಸ್ತಾನಾಯಿತು. ಉಪ್ಪಿನಕಾಯಿಯ ರಸದಲ್ಲಿ ಆಸೆಯ ರೇಖೆ ಎಳೆದೆ. ಸಾರು ಬಿದ್ದರೆ ರೇಖೆ ಅಳಿದೀತೆಂದು ಅಂಗೈ ಅಡ್ಡ ಹಿಡಿದೆ. ಸಾರಿನವನು ನಿಂತ, ಅವನ ಹಿಂದೆ ಪಲ್ಯದವನು, ಅವನ ಹಿಂದೆ ಪಾಯಸದವನು. ಇಡೀ ಪಂಕ್ತಿ ಕೈ ಕಟ್ಟಿ ಕೂತಿತು.

“ಅದು ಇರ್ಲಿ ಮಾಷ್ಟ್ರೇ, ಪಾಯಸ ಬರ್ತಾ ಉಂಟು” ಎಂದರು ಸೋದರಮಾವ. ಅಷ್ಟರಲ್ಲಿ ನಾನು ಸವೆತದ ರೇಖೆಗೆ ಜಾಗ ಸಾಲದೆ, ಎಂಜಲು ಕೈಯನ್ನು ಅವರ ಎಲೆಯತ್ತ ಚಾಚಿದ್ದೆ.

ಹಿಂದಿನಿಂದ ಯಾರೋ ಹೆಗಲು ಹಿಡಿದರು. ಸುಮತಿ. ಅವಳ ಕೈಯಲ್ಲಿ ನೆಂಟರ ಅಜ್ಜನೊಬ್ಬರಿಂದ ಕೇಳಿ ತಂದ ನಸ್ಯದ ಡಬ್ಬಿ.

“ಒಂದು ಚಿಟಿಕೆ ಹಾಕಿ ಮಾರಾಯ್ರೇ. ಈ ಚಟಕ್ಕಿಂತ ಅದೇ ಅಡ್ಡಿಯಿಲ್ಲ.”

ಎಡಗೈಯಲ್ಲೇ ತೆಗೆದು ಏರಿಸಿದೆ. ಹೆಂಡತಿಯ ಮಾತು ಮೀರುವ ಚಟ ಮಾತ್ರ ನನಗೆ ಮೊದಲಿನಿಂದಲೂ ಇಲ್ಲ.