ಅತ್ತೆಯ ನಾಲ್ಕು ಹಲ್ಲು ಮತ್ತು ಹೊಸ ಕ್ಯಾಮೆರಾ

ಒಂದು ವಸ್ತುವನ್ನು ಕೊಳ್ಳುವುದಕ್ಕಿಂತ, ಅದನ್ನು ಯಾವಾಗ ಕೊಳ್ಳಬೇಕೆಂದು ತೀರ್ಮಾನಿಸುವುದೇ ಹೆಚ್ಚು ದಣಿವಿನ ಕೆಲಸ. ಕೊಂಡವನು ಒಂದೇ ಸಲ ದಣಿಯುತ್ತಾನೆ. ಕೊಳ್ಳಬೇಕೆಂದಿರುವವನು ದಿನಾ ದಣಿಯುತ್ತಾನೆ. ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ. ದುಮ್ಮವಾಡದ ಬಾಜೂಕಿನ ನಮ್ಮೂರ ಡೇರಿಯಲ್ಲಿ ಯಾರ ಎಮ್ಮೆಯ ಹಾಲು ಎಷ್ಟು ಡಿಗ್ರಿ ಎಂದು ಬರೆಯುವುದು ನನ್ನ ಕೆಲಸ. ಬರೆದು ಬರೆದು ಅದೇ ಚಟವಾಗಿ, ಮನೆಗೆ ಬಂದ ಮೇಲೂ ತಾರೀಖು ಹಾಕಿ ದಿನಚರಿ ಬರೆಯುತ್ತೇನೆ. ಅದರ ಪ್ರಕಾರ ಹೊಸ ಕ್ಯಾಮೆರಾದ ವಿಚಾರ ನನ್ನ ತಲೆಗೆ ಹೊಕ್ಕು ಹದಿನಾಲ್ಕು ತಿಂಗಳಾಗಿದೆ. ಅಷ್ಟರಲ್ಲಿ ‘ನಾಳೆ ಗಟ್ಟಿಯಾಗಿ ನಿರ್ಧರಿಸಬೇಕು’ ಎಂಬ ವಾಕ್ಯ ಮೂವತ್ತೊಂದು ಸಲ ಬಂದಿದೆ. ಎಣಿಸಿ ನೋಡಿದಾಗ ಮತ್ತಷ್ಟು ಸುಸ್ತಾಯಿತು.

ಕ್ಯಾಮೆರಾ ಬೇಕಾಗಿದ್ದು ಗಂಗವ್ವತ್ತೆಗಾಗಿ. ಈಕೆ ನನ್ನ ಅಪ್ಪನ ಅಕ್ಕ, ನಮ್ಮ ಮನೆಯಲ್ಲೇ ಇರುತ್ತಾಳೆ. ಅಂಗಳದಲ್ಲಿ ನಕ್ಕರೆ ಡೇರಿಯ ತನಕ ಕೇಳಿಸುತ್ತದೆ. ಆದರೆ ಅತ್ತೆ ನಕ್ಕ ಫೋಟೋ ಒಂದೂ ಇಲ್ಲ. ಮದುವೆಯ ದಿನ ಫೋಟೋದವನು ಬಾಯಿ ಮುಚ್ಚಿಕೊಂಡು ನಿಲ್ಲಲು ಹೇಳಿದ್ದನಂತೆ. ಆ ಚಿತ್ರದಲ್ಲಿ ಆಕೆ ಠಾಣೆಯಲ್ಲಿ ನಿಂತವಳ ಹಾಗೆ ಕಾಣುತ್ತಾಳೆ. ಅಂದಿನಿಂದ ಯಾರಾದರೂ ಫೋನು ಎತ್ತಿದರೂ ಬಾಯಿ ಬಿಗಿಯುತ್ತಾಳೆ. ಹೋದ ವರ್ಷ ಒಂದು ದಿನ, ಕನ್ನಡಿಯಲ್ಲಿ, ಬಾಯಲ್ಲಿ ಉಳಿದಿದ್ದ ಮುಂದಿನ ನಾಲ್ಕೇ ಹಲ್ಲು ನೋಡಿಕೊಳ್ಳುತ್ತ ತಾನೇ ನನ್ನನ್ನು ಕರೆದಳು.

“ಇವು ಇರೂದ್ರಾಗ ಒಂದ ನಗೂ ಫೋಟೋ ತಗದ ಬಿಡಲೇ. ನಾ ಹ್ವಾದ ಮ್ಯಾಲೆ ಗ್ವಾಡಿಗೆ ಆ ಮದುವಿ ಫೋಟೋನ ಹಾಕಿದ್ರ, ನೋಡಿದವ್ರು ಈಕಿ ಜನ್ಮದಾಗ ನಕ್ಕಿಲ್ಲ ಅಂತ ತಿಳಕೋತಾರ.”

ಆಗಲೇ ಜೇಬಿನ ಫೋನು ತೆಗೆದು ಒತ್ತಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಅದೇ ವಾರ ಹೊಸ ಕ್ಯಾಮೆರಾವೊಂದು ಬಿಡುಗಡೆಯಾದ ಸುದ್ದಿ ಓದಿದ್ದೆ. “ಫೋನಿನಾಗ ಮಾರಿ ಅಗಲ ಬರತೈತಿ ಅತ್ತಿ. ಹೊಸಾ ಕ್ಯಾಮೆರಾ ಬಂದೈತಿ, ಅದರಾಗ ಚೊಲೋತ್ನ್ಯಾಗ ತಗೀತೀನಿ, ತಡಿ” ಎಂದೆ. ಅತ್ತೆ ನಂಬಿದಳು. ನನ್ನನ್ನು ನಂಬುವವರು ಮನೆಯಲ್ಲಿ ಆಕೆಯೊಬ್ಬಳೇ.

ಮನೆಯಲ್ಲಿ ಯಾವುದೇ ದೊಡ್ಡ ಖರೀದಿಗೆ ಫಕೀರಪ್ಪ ಕಾಕಾನ ಒಪ್ಪಿಗೆ ಬೇಕು. ಕಾಕಾ ಎತ್ತಿನ ದಲಾಲಿ. “ಹೊಸಾ ಎತ್ತು ಮೊದಲನೇ ಹಂಗಾಮಿಗೆ ಯಾರರೆ ಹೂಡಲಿ. ಒದೀತೈತೋ, ನೊಗದಾಗ ಮಲಗತೈತೋ ಗೊತ್ತಾಕ್ಕೈತಿ. ಆಮ್ಯಾಲೆ ನಾವು ತಗೊಳ್ಳೂಣು” ಎಂದ. ಮಾತು ನನಗೂ ಸರಿ ಎನಿಸಿತು. ಕ್ಯಾಮೆರಾ ಕೊಂಡವರೆಲ್ಲ ಏನು ದೂರುತ್ತಾರೆಂದು ನಾಲ್ಕು ತಿಂಗಳು ಓದಿ ಪಟ್ಟಿ ಮಾಡಿದೆ. ಆ ನಡುವೆ ಅತ್ತೆಯ ಒಂದು ಹಲ್ಲು ಶೇಂಗಾ ಉಂಡಿಯಲ್ಲಿ ಹೋಯಿತು. ತಾರೀಖು ಬರೆದುಕೊಂಡೆ.

ಆಮೇಲೆ ಕಾಕಾನನ್ನು ಕರೆದುಕೊಂಡು ಹುಬ್ಬಳ್ಳಿಯ ಅಂಗಡಿಗೆ ಹೋದೆ. ಕಾಕಾ ಕ್ಯಾಮೆರಾದ ಮುಚ್ಚಳ ತೆಗೆದು, ಎತ್ತಿನ ತುಟಿ ಎತ್ತಿ ನೋಡುವಂತೆ ಒಳಗೆ ಇಣುಕಿದ. “ಇದಕ್ಕ ವಯಸ್ಸೆಷ್ಟ್ರಿ?” ಎಂದ. ನಂತರ ಕೈಮೇಲೆ ಟವೆಲ್ಲು ಹೊದಿಸಿ ಅಂಗಡಿಯವನ ಮುಂದೆ ಚಾಚಿದ. ದನದ ಸಂತೆಯಲ್ಲಿ ದರ ಬಾಯಲ್ಲಿ ಆಡುವುದಿಲ್ಲ, ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಅಂಗಡಿಯವನು ಕೈಗೆ ಪೆಟ್ಟಾಗಿದೆಯೆಂದು ತಿಳಿದು, “ಕೂಡ್ರಿ ಯಜಮಾನ್ರ, ನೀರ ಕೊಡ್ಲೇನ್ರಿ?” ಎಂದ. ಕಾಕಾ ನೀರು ಕುಡಿದು ಹೊರಗೆ ಬಂದು, “ಬೆರಳ ಹಿಡಿಯಾಕ ಬರದಾಂವನ ಕಡೆ ಮಾಲ ತಗೋಬಾರದು. ಮುಂದಿನ ಹಂಗಾಮಿಗೆ ನೋಡೂಣು” ಎಂದ. ಬಸ್ಸಿನಲ್ಲಿ ನಿಂತೇ ಊರಿಗೆ ಬಂದೆವು.

ಮುಂದಿನ ಹಂಗಾಮಿನ ಹೊತ್ತಿಗೆ ಇನ್ನೊಂದು ಮಾದರಿ ಬರುತ್ತದೆಂಬ ಸುದ್ದಿ ಹಬ್ಬಿತು. ಹೊಸದು ಬಂದರೆ ಹಳೆಯದು ಅಗ್ಗವಾಗುತ್ತದೆ. ಅಗ್ಗವಾದಾಗ ಹೊಸದೇ ಚೆನ್ನಾಗಿ ಕಾಣುತ್ತದೆ. ಈ ಲೆಕ್ಕದಲ್ಲಿ ಮಳೆಗಾಲ ಕಳೆಯಿತು, ಎರಡನೆಯ ಹಲ್ಲೂ ಕಳೆಯಿತು. “ನಿನಗ ತಡೀಯಾಕ ಬರತೈತಪಾ, ಹಲ್ಲಿಗೆ ಬರೂದಿಲ್ಲ” ಎಂದಳು ಅತ್ತೆ. ಸಿಟ್ಟಿನಿಂದೇನೂ ಅಲ್ಲ. ಸಿಟ್ಟು ಬಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಕಳೆದ ತಿಂಗಳು ಕಲಘಟಗಿಯ ದಂತವೈದ್ಯರು ಉಳಿದೆರಡನ್ನೂ ಸೋಮವಾರ ಕೀಳುವುದೆಂದು ಹೇಳಿದರು. ಶನಿವಾರ ಡೇರಿಗೆ ರಜೆ ಹಾಕಿ ಒಬ್ಬನೇ ಹುಬ್ಬಳ್ಳಿಗೆ ಓಡಿದೆ. ಅಂಗಡಿಯವನು ನನ್ನ ಗುರುತು ಹಿಡಿದು, “ಮಂಗಳವಾರ ಹೊಸ ಮಾಡೆಲ್ ಬರತೈತ್ರಿ” ಎಂದ. ಹೇಗೆ ಹೇಳಲಿ, ವಾಪಸ್ಸು ಬಂದೆ. ಕೊನೆಗೆ ರವಿವಾರ ಬೆಳಿಗ್ಗೆ ಫೋನನ್ನೇ ಒರೆಸಿಕೊಂಡು, “ಇದರಾಗರೆ ತಗೀತೀನಿ ಅತ್ತಿ, ಸ್ವಲ್ಪ ನಗು” ಎಂದು ಅವಳ ಮುಂದೆ ನಿಂತೆ. ರಾತ್ರೋರಾತ್ರಿ ಒಸಡು ಬಾತು ಅವಳ ಕೆನ್ನೆ ಬದನೆಕಾಯಿಯಂತಾಗಿತ್ತು. “ಈ ಬ್ಯಾನಿಯೊಳಗ ನಗು ಎಲ್ಲಿಂದ ತರಲಿ?” ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಸೋಮವಾರ ಹಲ್ಲು ಕೀಳುವ ಮುನ್ನ ಆಸ್ಪತ್ರೆಯಲ್ಲಿ ಇಡೀ ದವಡೆಯ ಎಕ್ಸ್-ರೇ ತೆಗೆದರು. ಅತ್ತೆ ಆ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ದವಡೆ ಎರಡೂ ಕಡೆ ಮೇಲಕ್ಕೆ ಬಾಗಿ, ಮೇಲೆರಡು ಹಲ್ಲು ನೆಟ್ಟಗೆ ನಿಂತು, ಅದು ಕಿವಿಯಿಂದ ಕಿವಿಗೆ ನಗುತ್ತಿತ್ತು.

“ಈ ಮಿಷನ್ ಹೊಸಾದೇನವಾ?” ಎಂದು ಎಕ್ಸ್-ರೇ ತೆಗೆದ ಹುಡುಗಿಯನ್ನು ಕೇಳಿದಳು.

“ಎಲ್ಲೀದಬೇ ಯಮ್ಮಾ, ಹನ್ನೊಂದ ವರ್ಷದ್ದು.”

ಅತ್ತೆ ನನ್ನ ಕಡೆ ನೋಡಲಿಲ್ಲ. ಅಷ್ಟು ಉಪಕಾರ ಮಾಡಿದಳು.

ಈಗ ಆ ಹಾಳೆ ನಮ್ಮ ಪಡಸಾಲೆಯ ಕಿಟಕಿಗೆ ಅಂಟಿದೆ. ಬಂದವರಿಗೆಲ್ಲ ಅತ್ತೆ ಅದನ್ನು ತೋರಿಸಿ, “ನನ್ನ ನಗೂ ಫೋಟೋ. ಡಾಕ್ಟರ ಕಡೆ ತಗಸೀನಿ. ನಮ್ಮ ಹುಡುಗಂದು ಇನ್ನೂ ವಿಚಾರ ನಡದೈತಿ” ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ, ಎಲ್ಲರಿಗಿಂತ ಜೋರಾಗಿ, ಬೊಚ್ಚು ಬಾಯಿ ಪೂರಾ ತೆರೆದು, ಅತ್ತೆಯೇ ನಗುತ್ತಾಳೆ. ಅಗದಿ ಚಂದ ಕಾಣುತ್ತಾಳೆ. ನನ್ನ ಜೇಬಿನಲ್ಲಿ ಫೋನು ಇರುತ್ತದೆ, ತೆಗೆಯಬಹುದು. ಆದರೆ ಆ ಹೊತ್ತಿಗೆ ಕಿಟಕಿಯ ಬೆಳಕು ಸರಿ ಇರುವುದಿಲ್ಲ.