ಎರಡು ಕ್ಲಾರಿನೆಟ್ಟು, ಅರ್ಧ ಉಸಿರು

ದೇಶ ಚೇತರಿಸಿಕೊಂಡಿದೆ ಎಂದು ಟೀವಿಯವರು ಹೇಳಿದಾಗಲೆಲ್ಲ ನನಗೆ ಸಣ್ಣ ಸಂಕೋಚವಾಗುತ್ತದೆ. ಎಲ್ಲರೂ ಮುಂದೆ ಹೋಗಿ, ಹಿಂದೆ ಉಳಿದವನು ನಾನೊಬ್ಬನೇ ಏನೋ ಎಂಬ ಸಂಕೋಚ. ಹಿಂದೂಪುರದ ಬ್ಯಾಂಡ್‌ಸೆಟ್ಟೊಂದರಲ್ಲಿ ನಾನು ಕ್ಲಾರಿನೆಟ್ ಊದುವವನು. ಕೊರೋನಾ ಕಾಲದಲ್ಲಿ ಕದ್ದುಮುಚ್ಚಿ ತಾಳಿ ಕಟ್ಟುವವರು ಬ್ಯಾಂಡು ಕರೆಸುತ್ತಾರೆಯೇ? ಆಮೇಲೆ ಕಾಯಿಲೆ ನನ್ನ ಎದೆಗೂ ಬಂತು. ಹೋಗುವಾಗ ಅರ್ಧ ಉಸಿರನ್ನು ಜೊತೆಗೆ ಒಯ್ದಿತು. ತಡೆದು ನಿಂತಿದ್ದ ಮದುವೆಗಳೆಲ್ಲ ಒಟ್ಟಿಗೆ ನುಗ್ಗಿದಾಗ ಕೆಲಸ ಬಂತು, ಉಸಿರು ಬರಲಿಲ್ಲ. ಗಾಳಿ ಎಳೆದು ಮೂರು ಚೆಂಡು ಏರಿಸುವ ಪ್ಲಾಸ್ಟಿಕ್ ಸಾಧನವೊಂದನ್ನು ಡಾಕ್ಟರು ಕೊಟ್ಟರು. ನಾನು ಎಳೆದರೆ ಚೆಂಡು ಅಲುಗಾಡುತ್ತಿತ್ತು, ಏಳುತ್ತಿರಲಿಲ್ಲ. ಹೆಂಡತಿ ನಾಗವೇಣಿ ಅದನ್ನು ಇಸಿದುಕೊಂಡು ಒಂದೇ ಸಲಕ್ಕೆ ಮೂರೂ ಚೆಂಡು ಏರಿಸಿದಳು. “ನೀವು ಮನೇಲಿರಿ, ಮದುವೆಗೆ ನಾನೇ ಹೋಯ್ತೀನಿ,” ಎಂದಳು. ನಗಲು ಹೋಗಿ ಕೆಮ್ಮಿದೆ. ಊದುವುದು ಬಿಟ್ಟರೆ ನಾನು ಬೇರೇನಾಗಬಲ್ಲೆ ಎಂಬುದು ಎಷ್ಟು ಯೋಚಿಸಿದರೂ ಹೊಳೆಯುತ್ತಿರಲಿಲ್ಲ.

ಕಲ್ಯಾಣದುರ್ಗದ ಮದುವೆ ಮೆರವಣಿಗೆಗೆ ಕರೆ ಬಂದಾಗ ಒಂದು ಉಪಾಯ ಮಾಡಿದೆ. ಇನ್ನೊಂದು ಕ್ಲಾರಿನೆಟ್ಟಿಗೆ ಲೇಪಾಕ್ಷಿಯ ರಂಗಪ್ಪ ಇದ್ದ. ಕಷ್ಟವಾದಾಗ ಅವನು ಊದಲಿ, ನಾನು ಬೆರಳಾಡಿಸುತ್ತೇನೆ ಎಂದುಕೊಂಡೆ. ಬೀದಿಯ ಏರಿನಲ್ಲಿ ಉಸಿರು ಕಟ್ಟಿತು. ಕೆನ್ನೆ ಉಬ್ಬಿಸಿ ಬೆರಳಾಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಡ್ರಮ್ ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ ಎನ್ನಿಸಿತು. ತಿರುಗಿ ನೋಡಿದರೆ ರಂಗಪ್ಪನ ಕೆನ್ನೆಯೂ ಉಬ್ಬಿದೆ, ಬೆರಳೂ ಓಡುತ್ತಿವೆ, ನಾದ ಮಾತ್ರ ಇಲ್ಲ.

“ಊದಪ್ಪಾ,” ಎಂದೆ.

“ನೀನು ಊದ್ತೀಯ ಅಂತ ನಂಬ್ಕೊಂಡು ಬಂದ್ಬುಟ್ಟೆ ಕಣ್ಲಾ,” ಎಂದ. “ನಂಗೂ ಎದೆ ಹಿಡೀತದೆ. ಹೇಳಿದ್ರೆ ಸೆಟ್ನಿಂದ ಬಿಡಿಸ್ಬುಡ್ತಾರೆ ಅಂತ ಸುಮ್ಕಿದ್ದೆ.”

ಪಕ್ಕದಲ್ಲೇ ನಿಂತು ಊದುವ ನಾವಿಬ್ಬರೂ ಇಷ್ಟು ದಿನ ಒಬ್ಬರಿಂದೊಬ್ಬರು ಇದೇ ಮಾತನ್ನು ಮುಚ್ಚಿಟ್ಟಿದ್ದೆವು. ನಡೆಯುತ್ತಲೇ ಒಪ್ಪಂದವಾಯಿತು: ಒಂದು ಸಾಲು ಅವನು, ಒಂದು ಸಾಲು ನಾನು. ಒಬ್ಬ ಊದುವಾಗ ಇನ್ನೊಬ್ಬ ದಮ್ಮು ಕೂಡಿಸಿಕೊಳ್ಳುವುದು. ಹಾಗೇ ತೇಕುತ್ತ ಛತ್ರ ಮುಟ್ಟಿದೆವು.

ಬೈಸಿಕೊಳ್ಳಲು ಸಿದ್ಧನಾಗಿ ನಿಂತಿದ್ದೆ. ಹೆಣ್ಣಿನ ತಂದೆ ಬಂದು ನನ್ನ ಕೈ ಹಿಡಿದುಕೊಂಡರು.

“ಚಾಲಾ ಬಾಗುಂದಪ್ಪಾ, ತುಂಬಾ ಚೆನ್ನಾಗಿತ್ತು,” ಎಂದರು. “ನಮ್ಮ ದೊಡ್ಡ ಹುಡುಗಿ ಮದುವೇಲೂ ನೀನೇ ಊದಿದ್ದೆ. ಅವತ್ತು ನಿನ್ನ ಸದ್ದಿಗೆ ಪಕ್ಕದೋರ ಮಾತೂ ಕೇಳ್ತಿರ್ಲಿಲ್ಲ. ಇವತ್ತು ಕಿವಿಗೆ ಹಿತವಾಗಿತ್ತು ಕಣಪ್ಪ.”

ರಂಗಪ್ಪ ಆ ಕಡೆ ತಿರುಗಿ ನಗುತ್ತಿದ್ದ. ನನ್ನ ಪೂರ್ತಿ ಉಸಿರು ಯಾರಿಗೂ ಬೇಕಿರಲಿಲ್ಲ ಎಂದು ತಿಳಿಯಲು, ಅದರಲ್ಲಿ ಅರ್ಧವನ್ನು ನಾನು ಕಳೆದುಕೊಳ್ಳಬೇಕಾಯಿತು.